ಸಂಬಳದ ಚೀಟಿಯಲ್ಲಿ ಪಿಎಫ್ ಕಟ್ ಆಗಿದೆ, ಖಾತೆಗೆ ಬಿದ್ದಿದೆಯಾ?

ನಾನು ದಾವಣಗೆರೆಯಲ್ಲಿ ಗಾರ್ಮೆಂಟ್ಸ್ ಟೈಲರ್. ಒಂಬತ್ತು ವರ್ಷದಿಂದ ಕಾಲರ್ ಹೊಲಿಯುತ್ತಿದ್ದೇನೆ. ಮೂರು ವರ್ಷದ ಹಿಂದೆ, ಆಗ ಕೆಲಸಕ್ಕಿದ್ದ ಕಡೆ, ಪಕ್ಕದ ಮಿಷನ್‌ನ ಅಕ್ಕನಿಗೆ ಗರ್ಭಕೋಶದ ಆಪರೇಷನ್ ಆಯಿತು. ರಜೆಯ ಹಣಕ್ಕೆ ಇಎಸ್‌ಐ (ಕೆಲಸಗಾರರ ಸರ್ಕಾರಿ ವಿಮೆ) ಕಾರ್ಡ್ ಹಿಡಿದು ಹೋದರೆ, ಐದು ತಿಂಗಳಿಂದ ಅವರ ಹೆಸರಿಗೆ ಒಂದು ರೂಪಾಯಿಯೂ ಜಮಾ ಆಗಿರಲಿಲ್ಲ. ಸಂಬಳದ ಚೀಟಿಯಲ್ಲಿ ಮಾತ್ರ ಪ್ರತಿ ತಿಂಗಳೂ ಕಟ್ ಆಗಿತ್ತು. ಅವತ್ತು ರಾತ್ರಿ ನನ್ನ ಪಿಎಫ್ ನೋಡಿದೆ. ಅದೂ ಹಾಗೇ ಇತ್ತು.

ಆಮೇಲೆ ನಾವು ಒಂದೊಂದೇ ಕಲಿತುಕೊಂಡೆವು. ನಿಮಗೆ ಅಷ್ಟು ಅಲೆದಾಟ ಬೇಡ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲ ಕೆಲಸ, ನೋಡಿಕೊಳ್ಳುವುದು. ಪಿಎಫ್‌ಗೆ 12 ಅಂಕಿಯ ಯುಎಎನ್ ನಂಬರ್ ಇರುತ್ತದೆ. ಚೀಟಿಯಲ್ಲಿ ಇಲ್ಲದಿದ್ದರೆ ಆಫೀಸಿನಲ್ಲಿ ಕೇಳಿ ಪಡೆಯಿರಿ. ಅದಕ್ಕೆ ಜೋಡಿಸಿದ ಮೊಬೈಲಿನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ, ಕೊನೆಗೆ ಬಿದ್ದ ಹಣ ಎಷ್ಟು, ಒಟ್ಟು ಎಷ್ಟಿದೆ ಅಂತ ಮೆಸೇಜ್ ಬರುತ್ತದೆ. ಉಮಂಗ್ ಆ್ಯಪ್‌ನಲ್ಲಿ ತಿಂಗಳುವಾರು ಪಾಸ್‌ಬುಕ್ಕೇ ಸಿಗುತ್ತದೆ. ಈ ತಿಂಗಳ ಹಣವನ್ನು ಮಾಲೀಕರು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಅದಕ್ಕೇ ನಾನು 25ರ ಹೊತ್ತಿಗೆ ನೋಡುತ್ತೇನೆ.

ಇನ್ನು ಲೆಕ್ಕ. ಇದನ್ನು ನಿಧಾನವಾಗಿ ಓದಿ, ಮೋಸ ಆಗುವುದು ಇಲ್ಲೇ. ಬೇಸಿಕ್ (ಮೂಲ ಸಂಬಳ) ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 12,000 ಇದೆ ಅಂದುಕೊಳ್ಳಿ. ನಿಮ್ಮಿಂದ 12%, ಅಂದರೆ 1,440 ರೂಪಾಯಿ ಹಿಡಿಯುತ್ತಾರೆ. ಮಾಲೀಕರೂ ಅಷ್ಟೇ ಹಾಕಬೇಕು. ಅವರ ಪಾಲಿನಲ್ಲಿ 8.33% ಪಿಂಚಣಿಗೆ ಹೋಗುತ್ತದೆ, ಉಳಿದದ್ದು ನಿಮ್ಮ ಪಿಎಫ್‌ಗೆ. ಹಾಗಾಗಿ ಪಾಸ್‌ಬುಕ್ಕಿನಲ್ಲಿ ಮಾಲೀಕರ ಪಾಲು 440 ಅಂತ ಕಂಡರೆ ಗಾಬರಿ ಬೇಡ, ಪಕ್ಕದ ಪಿಂಚಣಿ ಕಾಲಂನಲ್ಲಿ 1,000 ಇರುತ್ತದೆ. ಇಎಸ್‌ಐಗೆ ನಿಮ್ಮಿಂದ 0.75%, ಮಾಲೀಕರಿಂದ 3.25%. ಒಟ್ಟು ಸಂಬಳ 14,000 ಇದ್ದರೆ ನಿಮ್ಮದು 105, ಅವರದು 455.

ಮಾಲೀಕರ ಪಾಲನ್ನು ನಿಮ್ಮ ಸಂಬಳದಿಂದ ಹಿಡಿಯುವ ಹಾಗೇ ಇಲ್ಲ. ನಮ್ಮಲ್ಲಿ ಕಂಟ್ರಾಕ್ಟ್ ಮೇಲಿದ್ದ ಹೌಸ್‌ಕೀಪಿಂಗ್ ಹೆಂಗಸರ ಚೀಟಿ ನೋಡಿದರೆ, 10,000ಕ್ಕೆ 2,400 ಪಿಎಫ್ ಕಟ್! ಎರಡೂ ಪಾಲು ಅವರ ಮೇಲೇ ಹಾಕಿದ್ದರು. ಇವತ್ತಿಗೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ಕಂಟ್ರಾಕ್ಟರ್ ಕಟ್ಟದಿದ್ದರೆ ಕೆಲಸ ಮಾಡಿಸಿಕೊಂಡ ಕಂಪನಿಯೇ ಕಟ್ಟಬೇಕು. "ನೀವು ನಮ್ಮವರಲ್ಲ, ಅವನನ್ನು ಕೇಳಿ" ಅಂದರೆ ಒಪ್ಪಬೇಡಿ.

20 ಜನ ಇರುವ ಕಡೆ ಪಿಎಫ್, 10 ಜನ ಇದ್ದರೆ ಇಎಸ್‌ಐ. ತಿಂಗಳಿಗೆ 21,000ದವರೆಗೆ ಸಂಬಳ ಇರುವವರು ಇಎಸ್‌ಐಗೆ ಬರುತ್ತಾರೆ. ಒಮ್ಮೆ ಕಾನೂನಿನೊಳಗೆ ಬಂದ ಮೇಲೆ ಜನ ಕಡಿಮೆಯಾದರೂ ಬಿಡುವಂತಿಲ್ಲ.

ಕಾಯಿಲೆ ರಜೆಗೆ ಇಎಸ್‌ಐ ದಿನಗೂಲಿಯ 70% ಕೊಡುತ್ತದೆ, ವರ್ಷಕ್ಕೆ 91 ದಿನದವರೆಗೆ. ಅದಕ್ಕೆ ಆರು ತಿಂಗಳ ಅವಧಿಯಲ್ಲಿ 78 ದಿನದ ಹಣ ಕಟ್ಟಿರಬೇಕು. ಅಕ್ಕನಿಗೆ ಪೆಟ್ಟು ಬಿದ್ದಿದ್ದು ಇಲ್ಲೇ. ಆದರೆ ಮಾಲೀಕರು ಕಟ್ಟದೆ ಸೌಲಭ್ಯ ತಪ್ಪಿದರೆ, ಇಎಸ್‌ಐ ನಿಗಮವೇ ಕೆಲಸಗಾರರಿಗೆ ಕೊಟ್ಟು ಆಮೇಲೆ ಮಾಲೀಕರಿಂದ ವಸೂಲಿ ಮಾಡಲು ಕಾನೂನಿನಲ್ಲಿ ದಾರಿ ಇದೆ. ಅರ್ಜಿಯಲ್ಲಿ ಅದನ್ನೇ ಕೇಳಿ. ಕೆಲಸದಲ್ಲಿ ಗಾಯವಾದರೆ ಈ 78 ದಿನದ ಲೆಕ್ಕವೇ ಇಲ್ಲ, ಸೇರಿದ ಮೊದಲ ದಿನವೇ ಬೆರಳಿಗೆ ಸೂಜಿ ಹೊಕ್ಕರೂ ಹಕ್ಕಿದೆ. ಅಪಘಾತದ ಪುಸ್ತಕದಲ್ಲಿ ಅವತ್ತೇ ಬರೆಸಿ.

ಕಾಗದದ ವಿಷಯ ನಾನು ಕಲಿತಿದ್ದು ಅಪ್ಪನಿಂದ. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲದಲ್ಲಿ ಅವರು ಕಾಟನ್ ಮಿಲ್ಲಿನಲ್ಲಿದ್ದರು. ಮಿಲ್ಲು ಮುಚ್ಚಿದ ಮೇಲೆ ಪಿಎಫ್ ಕೈಗೆ ಬಂದಿದ್ದು ಟ್ರಂಕಿನಲ್ಲಿ ಜೋಡಿಸಿಟ್ಟ ಚೀಟಿಗಳಿಂದ. ನೀವು ಪ್ರತಿ ಚೀಟಿಯ ಫೋಟೋ ಇಟ್ಟುಕೊಳ್ಳಿ. ನೇಮಕದ ಪತ್ರ ಕೇಳಿ ಪಡೆಯಿರಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಅದನ್ನು ಕೊಡುವುದು ಕಡ್ಡಾಯ.

ಹಣ ಬಿದ್ದಿಲ್ಲ ಅಂದರೆ ಒಬ್ಬರೇ ಎಚ್‌ಆರ್ ರೂಮಿಗೆ ಹೋಗಬೇಡಿ. ನಾನು ಹೋಗಿ ತಪ್ಪು ಮಾಡಿದೆ. ಮರುದಿನವೇ ನನ್ನನ್ನು ಬೇರೆ ಲೈನಿಗೆ ಹಾಕಿದರು. ಆಮೇಲೆ ಊಟದ ಹೊತ್ತಿನಲ್ಲಿ ಹನ್ನೊಂದು ಜನ ಕೂತು ಅರ್ಜಿ ಬರೆದೆವು. ಯಾವ ತಿಂಗಳು, ಎಷ್ಟು ಕಟ್, ಎಷ್ಟು ಜಮಾ, ಇಷ್ಟೇ. ಬೈಗುಳ ಬೇಡ, ಅಂಕಿ ಸಾಕು. ಕೆಲಸಗಾರರ ಪಾಲನ್ನು ಹಿಡಿದು ಕಟ್ಟದೆ ಇಟ್ಟುಕೊಂಡರೆ ಕಾನೂನು ಅದನ್ನು ನಂಬಿಕೆದ್ರೋಹ ಅಂತಲೇ ಎಣಿಸುತ್ತದೆ. ತಡವಾದ ಹಣಕ್ಕೆ ಮಾಲೀಕರು ವರ್ಷಕ್ಕೆ 12% ಬಡ್ಡಿಯನ್ನೂ ಕೊಡಬೇಕು. ಈ ಎರಡು ಸಾಲು ಅರ್ಜಿಯಲ್ಲಿರಲಿ.

ಯೂನಿಯನ್ ಮಾಡುವುದು ಅಂದುಕೊಂಡಷ್ಟು ಕಷ್ಟವಲ್ಲ. ಏಳು ಜನ ಸಹಿ ಹಾಕಿ ಅರ್ಜಿ ಕೊಡಬಹುದು. ಆದರೆ ಸದಸ್ಯರು ಒಟ್ಟು ಕೆಲಸಗಾರರ 10% ಅಥವಾ 100, ಇದರಲ್ಲಿ ಯಾವುದು ಕಡಿಮೆಯೋ ಅಷ್ಟಾದರೂ ಇರಬೇಕು. ನಾವು 340 ಜನ ಇದ್ದೆವು, 34 ಸಾಕಿತ್ತು. ಸಂಘದ ಹೆಸರು, ವಿಳಾಸ, ನಿಯಮಾವಳಿ, ಪದಾಧಿಕಾರಿಗಳ ಪಟ್ಟಿ ಸೇರಿಸಿ ಕಾರ್ಮಿಕ ಇಲಾಖೆಯಲ್ಲಿ ನೋಂದಣಿ ಮಾಡಿಸಬೇಕು. ಗಿರಣಿ ಕಾರ್ಮಿಕರ ನಾಯಕರಾಗಿದ್ದ ಪಂಪಾಪತಿಯವರನ್ನು ಶಾಸಕರನ್ನಾಗಿ ಕಳಿಸಿದ ಊರು ಇದು. ನಿಯಮಾವಳಿ ಬರೆಯಲು ಗೊತ್ತಿರುವ ಹಿರಿಯರು ಇನ್ನೂ ಇದ್ದಾರೆ, ಕೇಳಿದರೆ ಪ್ರೀತಿಯಿಂದ ಕೂತು ಹೇಳಿಕೊಡುತ್ತಾರೆ. ಯೂನಿಯನ್ ಸೇರಿದ್ದಕ್ಕೆ ಕೆಲಸದಿಂದ ತೆಗೆಯುವುದು, ವರ್ಗ ಮಾಡಿ ಸತಾಯಿಸುವುದು ಅನುಚಿತ ಕಾರ್ಮಿಕ ಪದ್ಧತಿ. ಹಾಗೆ ಆದರೆ ಲೇಬರ್ ಆಫೀಸಿನಲ್ಲಿ ಲಿಖಿತ ದೂರು ಕೊಡಿ.

ಪಿಎಫ್ ದೂರನ್ನು ಇಪಿಎಫ್‌ಒ (ಪಿಎಫ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ಕುಂದುಕೊರತೆ ಪೋರ್ಟಲ್‌ನಲ್ಲಿ ಮೊಬೈಲಿನಿಂದಲೇ ಹಾಕಬಹುದು. ನಮಗೆ ಜಾಸ್ತಿ ಉಪಯೋಗ ಆಗಿದ್ದು ಮಾತ್ರ 'ನಿಧಿ ಆಪ್ಕೆ ನಿಕಟ್' ಶಿಬಿರ. ಪ್ರತಿ ತಿಂಗಳ 27ಕ್ಕೆ ಪಿಎಫ್ ಅಧಿಕಾರಿಗಳು ಜಿಲ್ಲೆಗೇ ಬರುತ್ತಾರೆ. ರಜೆ ಇದ್ದರೆ ಮುಂದಿನ ಕೆಲಸದ ದಿನ. ಎದುರಿಗೆ ಕೂತು ಚೀಟಿ ತೋರಿಸಿದ ಮೇಲೆ ನಮ್ಮ ಕೆಲಸ ಮುಂದೆ ಹೋಯಿತು. ನಾಲ್ಕು ತಿಂಗಳಾದ ಮೇಲೆ ಬಾಕಿ ಹಣ ಪಾಸ್‌ಬುಕ್ಕಿಗೆ ಬಿತ್ತು. ಹೋಗುವಾಗ ಆಧಾರ್, ಬ್ಯಾಂಕ್ ಪಾಸ್‌ಬುಕ್, ಚೀಟಿಗಳ ಜೆರಾಕ್ಸ್ ಇರಲಿ. ಅರ್ಜಿ ಎರಡು ಪ್ರತಿ ಮಾಡಿಸಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಂಡೇ ಎದ್ದು ಬನ್ನಿ.