ಬ್ರಾಂಡೆನ್‌ಬರ್ಗ್ ಕನ್ಸರ್ಟೊಗಳ ಧ್ವನಿಮುದ್ರಣಗಳನ್ನು ಹೋಲಿಸುವ ಬಗೆ

ಜರ್ಮನ್ ಸಂಗೀತ ರಚನಕಾರ ಬಾಖ್ 1721ರಲ್ಲಿ ಅರ್ಪಿಸಿದ ಆರು ಬ್ರಾಂಡೆನ್‌ಬರ್ಗ್ ಕನ್ಸರ್ಟೊಗಳ (ವಾದ್ಯವೃಂದಕ್ಕಾಗಿ ಬರೆದ ಕೃತಿಗಳ) ಪೈಕಿ ಮೂರನೆಯದೊಂದನ್ನೇ ಹೋಲಿಕೆಗೆ ಆರಿಸಿಕೊಂಡು, ಎರಡು ಮುದ್ರಣಗಳ ಧ್ವನಿಮಟ್ಟವನ್ನು ಮೊದಲು ಸಮ ಮಾಡಿಕೊಳ್ಳಿ. ಜೋರಾಗಿ ಕೇಳಿಸುವುದೇ ಉತ್ತಮವೆಂದು ಕಿವಿ ಸುಲಭವಾಗಿ ನಂಬಿಬಿಡುತ್ತದೆ. ಕಾರ್ಲ್ ರಿಕ್ಟರ್ ಅವರ ತಂಡ ಆಧುನಿಕ ವಾದ್ಯಗಳಲ್ಲಿ ನುಡಿಸಿದ್ದರ ಪಕ್ಕದಲ್ಲಿ, ಟ್ರೆವರ್ ಪಿನಾಕ್ ಅವರ ಇಂಗ್ಲಿಷ್ ಕನ್ಸರ್ಟ್ ತಂಡ ಹಳೆಯ ಮಾದರಿಯ ವಾದ್ಯಗಳಲ್ಲಿ ನುಡಿಸಿದ್ದನ್ನು ಇಟ್ಟು ಕೇಳಿದರೆ, ಎರಡನೆಯದರಲ್ಲಿ ಶ್ರುತಿಯೇ ಸುಮಾರು ಅರ್ಧ ಸ್ವರ ಇಳಿದಿರುವುದು ತಿಳಿಯುತ್ತದೆ.

ಬಳಿಕ ನಡುವಿನ ಭಾಗಕ್ಕೆ ಬನ್ನಿ. ಅಲ್ಲಿ ಬಾಖ್ ಬರೆದಿರುವುದು, ಹಲವು ಸ್ವರಗಳು ಒಟ್ಟಿಗೆ ಮೊಳಗುವ ಎರಡೇ ಕಾರ್ಡ್‌ಗಳು. ಅವನ್ನು ಹಾಗೆಯೇ ನುಡಿಸಿ ಮುಂದೆ ಸಾಗಿದ್ದಾರೆಯೇ, ಪಿಟೀಲಿನಲ್ಲೋ ತಂತಿ ಮೀಟುವ ಕೀಲಿಮಣೆ ವಾದ್ಯವಾದ ಹಾರ್ಪ್ಸಿಕಾರ್ಡ್‌ನಲ್ಲೋ ಪುಟ್ಟದೊಂದು ಮನೋಧರ್ಮವನ್ನು ಸೇರಿಸಿದ್ದಾರೆಯೇ ಎಂಬುದನ್ನು ಗಮನಿಸಿ. ತಂಡದ ಅಭಿರುಚಿ ನನಗೆ ಬೇರೆಲ್ಲಕ್ಕಿಂತ ಇಲ್ಲೇ ಸ್ಪಷ್ಟವಾಗಿ ಕಾಣುತ್ತದೆ. ಕೊನೆಯ ಭಾಗದಲ್ಲಿ ವೇಗಕ್ಕೆ ಮಾರುಹೋಗದೆ, ಮೂರು ವಯೋಲಾಗಳ (ಪಿಟೀಲಿಗಿಂತ ತುಸು ದೊಡ್ಡ, ತಗ್ಗು ದನಿಯ ವಾದ್ಯಗಳ) ಎಳೆಗಳು ಬಿಡಿಬಿಡಿಯಾಗಿ ಕೇಳಿಸುತ್ತವೆಯೇ ಎಂದು ಪರೀಕ್ಷಿಸಿ.