ನನ್ನ ಹೊಂಡಕ್ಕೆ ಹೇನು ಬಿದ್ದಾಗ

ಮಂಡ್ಯದ ಕಡೆ, ನಾಲೆ ನೀರಿನ ಆಸರೆಯಲ್ಲಿ ನನ್ನದೊಂದು ಎಕರೆ ಮೀನು ಹೊಂಡ ಇದೆ. ಕಟ್ಲಾ, ರೋಹು, ಸಾಮಾನ್ಯ ಗೆಂಡೆ ಸಾಕುತ್ತೇನೆ. ಎರಡನೇ ವರ್ಷ ಆಸೆಪಟ್ಟು ಮರಿ ಜಾಸ್ತಿ ಬಿಟ್ಟೆ, 6,000. ಚಳಿ ಮುಗಿಯುವ ಹೊತ್ತಿಗೆ ರೋಹುಗಳು ದಡದ ಕಲ್ಲಿಗೆ ಮೈ ಉಜ್ಜತೊಡಗಿದವು. ಬಲೆ ಎಳೆದರೆ ರೆಕ್ಕೆಗಳ ಬುಡದಲ್ಲಿ ತೊಗರಿ ಬೇಳೆಯಷ್ಟಗಲದ ಚಪ್ಪಟೆ ಹುಳ. ಆರ್ಗ್ಯುಲಸ್, ಅಂದರೆ ಮೀನು ಹೇನು.

ಔಷಧಿ ಹಾಕಿದೆ, ಉದುರಿದವು. ಮೂರು ವಾರಕ್ಕೆ ಮತ್ತೆ ಹಾಜರ್. ಹೆಣ್ಣು ಹೇನು ಮೀನನ್ನು ಬಿಟ್ಟು ಹೋಗಿ ಕಲ್ಲು, ಕಡ್ಡಿಗಳ ಮೇಲೆ ಸಾಲಾಗಿ ಮೊಟ್ಟೆ ಅಂಟಿಸುತ್ತದೆ. ಔಷಧಿ ಆ ಮೊಟ್ಟೆಗಳನ್ನು ಕೊಲ್ಲಲಿಲ್ಲ. ಆಮೇಲೆ ಅಲ್ಲಲ್ಲಿ ಬಿದಿರಿನ ಗಳ ನೆಟ್ಟು, ವಾರಕ್ಕೊಮ್ಮೆ ಕಿತ್ತು ಬಿಸಿಲಿಗೆ ಒಣಗಿಸಿದೆ. ಇದು ಔಷಧಿಗಿಂತ ಚೆನ್ನಾಗಿ ಕೆಲಸ ಮಾಡಿತು.

ಆದರೆ ಅಷ್ಟರಲ್ಲಿ ಮೀನುಗಳು ಸತ್ತಿದ್ದವು, ಅವುಗಳ ಮೈಮೇಲೆಲ್ಲ ಕೆಂಪು ಹುಣ್ಣು. ಮೀನಿನ ಮೈಯ ಲೋಳೆಯೇ ಅದರ ಮೊದಲ ಕಾವಲು. ರೋಗಾಣುಗಳನ್ನು ಒಡೆಯುವ ವಸ್ತುಗಳು, ಪ್ರತಿಕಾಯಗಳು (ರೋಗಾಣುಗಳನ್ನು ಗುರುತು ಹಿಡಿದು ಅಂಟಿಕೊಳ್ಳುವ ಪ್ರೋಟೀನುಗಳು) ಅದರಲ್ಲೇ ಇರುತ್ತವೆ. ಹೇನು ಚುಚ್ಚಿದ ಕಡೆ ಆ ಕಾವಲು ಮುರಿಯುತ್ತದೆ. ನೀರಲ್ಲಿ ಸದಾ ಇರುವ ಏರೋಮೊನಾಸ್ ಬ್ಯಾಕ್ಟೀರಿಯಾ ಅಲ್ಲಿಂದ ಒಳಗೆ ಹೋಗುತ್ತದೆ.

"ಲಸಿಕೆ ಹಾಕಿಸೋಕೆ ಆಗಲ್ವಾ ಸರ್?" ಅಂತ ಮೀನುಗಾರಿಕೆ ಅಧಿಕಾರಿಯೊಬ್ಬರನ್ನು ಕೇಳಿದೆ. ಅವರು ನಾರ್ವೆಯ ಸಾಲ್ಮನ್ ಮೀನು ಸಾಕಣೆಯ ಕಥೆ ಹೇಳಿದರು. 1987ರಲ್ಲಿ ಅಲ್ಲಿ ಸುಮಾರು 50 ಟನ್ ಆಂಟಿಬಯೋಟಿಕ್ ಬಳಸುತ್ತಿದ್ದರಂತೆ. ಬ್ಯಾಕ್ಟೀರಿಯಾ ವಿರುದ್ಧ ಲಸಿಕೆ ಬಂದ ಮೇಲೆ, 1990ರ ದಶಕದ ಕೊನೆಗೆ ಅದು 1 ಟನ್ ಆಸುಪಾಸಿಗೆ ಇಳಿಯಿತು. ಪ್ರತಿ ಮರಿಗೂ ಸೂಜಿ ಚುಚ್ಚುತ್ತಾರೆ! ಅಷ್ಟಾದರೂ ಸಮುದ್ರ ಹೇನು ಅಲ್ಲಿನ ಸಾಕಣೆದಾರರನ್ನು ಇನ್ನೂ ಕಾಡುತ್ತಿದೆ. ಸತ್ತ ಬ್ಯಾಕ್ಟೀರಿಯಾವನ್ನು ಚುಚ್ಚಿ ಮೀನಿನ ಮೈಗೆ ಗುರುತು ಹಿಡಿಸುವುದು ಸುಲಭ. ಹೇನು ದೊಡ್ಡ ಪ್ರಾಣಿ, ಚರ್ಮದ ಹೊರಗೇ ಕೂತಿರುತ್ತದೆ. ಅದಕ್ಕೆ ಲಸಿಕೆ ಮಾಡುವುದು ಕಷ್ಟ.

ಆ ಅಧಿಕಾರಿಯ ಇನ್ನೊಂದು ಮಾತು ನನ್ನ ಕೆಲಸದ ರೀತಿಯನ್ನೇ ಬದಲಿಸಿತು. ಮೀನಿನ ಮೈ ನೀರಿನಷ್ಟೇ ತಣ್ಣಗಿರುತ್ತದೆ, ಚಳಿಯಲ್ಲಿ ಪ್ರತಿಕಾಯಗಳು ತಯಾರಾಗುವುದೂ ನಿಧಾನ. ಆ ವರ್ಷ ನಾನು ಚಳಿಯಲ್ಲೇ ಪದೇ ಪದೇ ಬಲೆ ಎಳೆದು, ಒಣ ಕೈಯಲ್ಲಿ ಹಿಡಿದು ಲೋಳೆ ಒರೆಸಿ ಹಾಕಿದ್ದೆ. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಈಗ 3,500 ಮರಿಗಿಂತ ಜಾಸ್ತಿ ಬಿಡುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಬಲೆ ಮುಟ್ಟುವುದಿಲ್ಲ. ಮೀನು ಹಿಡಿಯುವ ಮೊದಲು ಕೈ ನೆನೆಸಿಕೊಳ್ಳುತ್ತೇನೆ. ಕಳೆದ ಮಾರ್ಚಲ್ಲಿ 20 ರೋಹು ಹಿಡಿದು ನೋಡಿದೆ. ಎರಡರ ಮೇಲೆ ಒಂದೊಂದು ಹೇನು ಸಿಕ್ಕಿತು. ಹುಣ್ಣು ಒಂದಕ್ಕೂ ಇರಲಿಲ್ಲ.