ಶಿರಾಡಿ ಘಾಟಿಯಲ್ಲಿ ಮೂರನೇ ಗೇರಿಗೆ ಕಚ್ಚಿಕೊಂಡ ಕಾರು

ಮಳೆಗಾಲ ಮುಗಿಯುವ ಹೊತ್ತು. ಗೇರನ್ನು ತಾನೇ ಬದಲಿಸಿಕೊಳ್ಳುವ ನಮ್ಮ ಆಟೋಮ್ಯಾಟಿಕ್ ಕಾರಿನಲ್ಲಿ ಪುತ್ತೂರಿನಿಂದ ಬೆಂಗಳೂರಿಗೆ ಹೊರಟಿದ್ದೆವು. ಗುಂಡ್ಯ ದಾಟಿ ಘಾಟಿ ಹತ್ತಲು ಶುರುಮಾಡಿ ಐದಾರು ತಿರುವು ಆಗಿರಬಹುದು. ಮುಂದೆ ಒಂದು ಟ್ಯಾಂಕರ್ ಏದುಸಿರು ಬಿಡುತ್ತಾ ಹತ್ತುತ್ತಿತ್ತು. ಅದು ಬದಿಗೆ ಸರಿದು ದಾರಿ ಬಿಟ್ಟಾಗ ಕಾಲು ಒತ್ತಿದೆ. ಎಂಜಿನ್ ಕೂಗಿತು, ಕಾರು ಮಾತ್ರ ಇದ್ದಲ್ಲೇ ಇತ್ತು. ಮರುಕ್ಷಣ ಹಿಂದಿನಿಂದ ಯಾರೋ ಗುದ್ದಿದ ಹಾಗೆ ಒಂದು ಜರ್ಕ್. ಡ್ಯಾಶ್‌ಬೋರ್ಡಿನಲ್ಲಿ 'ಡಿ' (ಡ್ರೈವ್, ಅಂದರೆ ಮುಂದಕ್ಕೆ ಹೋಗುವ ಸ್ಥಾನ) ದೀಪ ಮಿಣಮಿಣ ಅನ್ನತೊಡಗಿತು.

ಅಲ್ಲಿಂದ ಮುಂದೆ ಗಾಡಿ ಮೂರನೇ ಗೇರಿನಲ್ಲೇ ಕೂತುಬಿಟ್ಟಿತು. ತಿರುವಿನಲ್ಲಿ ನಿಧಾನ ಮಾಡಿದರೂ ಎರಡಕ್ಕೆ ಇಳಿಯದು, ನೇರ ದಾರಿ ಸಿಕ್ಕರೂ ನಾಲ್ಕಕ್ಕೆ ಏರದು. ಅಗಲ ಇರುವ ಕಡೆ ನಿಲ್ಲಿಸಿ ಎಂಜಿನ್ ಆಫ್ ಮಾಡಿದೆ. ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಏನೂ ಆಗಿಯೇ ಇಲ್ಲ ಎಂಬಂತೆ ಹೊರಟಿತು. ಸಕಲೇಶಪುರ ಮುಟ್ಟುವಷ್ಟರಲ್ಲಿ ಇನ್ನೂ ಎರಡು ಸಲ ಇದೇ ಕಥೆ. ಹಿಂದೆ ಕೂತಿದ್ದ ಅಮ್ಮ, "ಇದಕ್ಕೆ ಬಿಕ್ಕಳಿಕೆ ಬಂದ ಹಾಗಿದೆಯಲ್ಲೋ, ವಾಪಸ್ ಹೋಗುವ" ಅಂದರು. ವಾಪಸ್ ಬಂದೆವು.

ನಿಜ ಹೇಳಬೇಕೆಂದರೆ ಕಾರು ಎರಡು ತಿಂಗಳಿಂದ ಸೂಚನೆ ಕೊಡುತ್ತಲೇ ಇತ್ತು. ಬೆಳಿಗ್ಗೆ ಮೊದಲ ಸಲ 'ಡಿ'ಗೆ ಹಾಕಿದರೆ ಒಂದೂವರೆ ಸೆಕೆಂಡ್ ಏನೂ ಆಗುತ್ತಿರಲಿಲ್ಲ, ಆಮೇಲೆ 'ಧಡ್' ಅಂತ ಹಿಡಿಯುತ್ತಿತ್ತು. ಎರಡರಿಂದ ಮೂರಕ್ಕೆ ಹೋಗುವಾಗ ಒಮ್ಮೊಮ್ಮೆ ಎಂಜಿನ್ ವೇಗ ತೋರಿಸುವ ಆರ್‌ಪಿಎಂ ಮುಳ್ಳು ಸುಮ್ನೆ ಐನೂರು ಆರುನೂರು ಮೇಲಕ್ಕೆ ಹಾರುತ್ತಿತ್ತು. ಹಳೇ ಗಾಡಿ, ಇಷ್ಟು ಇರುವುದೇ ಅಂತ ಬಿಟ್ಟಿದ್ದೆ. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡ ಸೆಡಾನ್ ಇದು. ನಾಲ್ಕು ಗೇರಿನ ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್ ಬಾಕ್ಸಿಗೆ ದಾಟಿಸುವ) ಆಟೋಮ್ಯಾಟಿಕ್, ಆಗಲೇ 1 ಲಕ್ಷ 10 ಸಾವಿರ ಕಿಲೋಮೀಟರ್ ಓಡಿತ್ತು.

ಒಂದು ಗ್ಯಾರೇಜಿಗೆ ಒಯ್ದೆ. ಅವರು ಅರ್ಧ ಕಿಲೋಮೀಟರ್ ಓಡಿಸಿ ನೋಡಿ, "ಇದು ಗೇರ್ ಬಾಕ್ಸ್ ಹೋದದ್ದು ಮಾರಾಯ್ರೇ" ಅಂದರು. ಇಳಿಸಿ ಬಿಚ್ಚಿ ಕಟ್ಟಲು 1 ಲಕ್ಷ 30 ಸಾವಿರ. ಕಾರು ಮಾರಿದರೂ ಅದರ ಮೇಲೆ ಎಷ್ಟು ಸಿಗುತ್ತದೋ! ಅವರು ಎಣ್ಣೆಯ ಮಟ್ಟ ನೋಡುವ ಕಡ್ಡಿಯನ್ನೂ ಎಳೆದು ನೋಡಿರಲಿಲ್ಲ, ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷ ಓದುವ ಸ್ಕ್ಯಾನರನ್ನೂ ಹಾಕಿರಲಿಲ್ಲ. ಅದಕ್ಕೇ ನನಗೆ ಅನುಮಾನ ಬಂದದ್ದು. ನಾನು ಮೆಕ್ಯಾನಿಕ್ ಅಲ್ಲ. ಆದರೆ ಪಂಪ್‌ಸೆಟ್, ಸ್ಪ್ರೇಯರ್, ಹಳೇ ಸ್ಕೂಟರ್ ಎಲ್ಲ ಬಿಚ್ಚಿ ಜೋಡಿಸಿ ಅಭ್ಯಾಸ ಇದೆ, ಮಲ್ಟಿಮೀಟರ್ ಹಿಡಿಯಲು ಬರುತ್ತದೆ.

ಮೊದಲು ಎಣ್ಣೆ. ಆಟೋಮ್ಯಾಟಿಕ್ ಗೇರ್ ಬಾಕ್ಸಿನಲ್ಲಿ ಎಣ್ಣೆ ಬರೀ ಸವೆತ ತಪ್ಪಿಸಲು ಇರುವುದಲ್ಲ. ಒಳಗಿನ ಕ್ಲಚ್ ಪ್ಲೇಟುಗಳನ್ನು ಒತ್ತಿ ಹಿಡಿಯುವ ಬಲವೇ ಅದು. ಮಟ್ಟ ಇಳಿದರೆ ಒತ್ತಡ ಇಳಿಯುತ್ತದೆ, ಪ್ಲೇಟು ಜಾರುತ್ತದೆ, ಗೇರು ತಡವಾಗಿ ಬೀಳುತ್ತದೆ. ಇಷ್ಟು ಗೊತ್ತಿದ್ದೂ ನಾನು ಎಡವಟ್ಟು ಮಾಡಿದೆ. ಬೆಳಿಗ್ಗೆ ತಣ್ಣಗಿದ್ದಾಗ, ಎಂಜಿನ್ ಆಫ್ ಇರುವಾಗಲೇ ಕಡ್ಡಿ ಎಳೆದು ನೋಡಿದೆ. ಯಾವ ಗೆರೆ ಯಾವುದಕ್ಕೆ ಅಂತ ಗೊಂದಲ, ಏನೋ ಕಡಿಮೆ ಕಂಡಿತು, ಒಂದು ಲೀಟರ್ ಸುರಿದೆ. ಸಂಜೆ ಪೇಟೆಗೆ ಹೋಗಿ ಬರುವಾಗ ಗಾಡಿ ಮೊದಲಿಗಿಂತ ಜಾಸ್ತಿ ಜಾರತೊಡಗಿತು. ಕೆಳಗಿನಿಂದ ಕುಂಯ್ ಅನ್ನುವ ಸದ್ದು ಬೇರೆ. ಮನೆಗೆ ಬಂದು ಬಿಸಿಯಲ್ಲಿ ಕಡ್ಡಿ ಎಳೆದರೆ ಎಣ್ಣೆ 'ಹಾಟ್' ಗುರುತಿಗಿಂತ ಒಂದು ಬೆರಳು ಮೇಲೆ, ಮೈತುಂಬಾ ಸಣ್ಣ ಸಣ್ಣ ಗುಳ್ಳೆ. ಎಣ್ಣೆ ಹೆಚ್ಚಾದರೆ ಒಳಗೆ ತಿರುಗುವ ಭಾಗಗಳು ಅದನ್ನು ಮಜ್ಜಿಗೆ ಕಡೆದ ಹಾಗೆ ಕಡೆದು ನೊರೆ ಮಾಡುತ್ತವೆ. ನೊರೆಯಲ್ಲಿ ಗಾಳಿ ಇರುತ್ತದೆ, ಗಾಳಿ ಒತ್ತಿದರೆ ಕುಗ್ಗುತ್ತದೆ. ಹಾಗಾಗಿ ಎಣ್ಣೆ ಹೆಚ್ಚಾದರೂ ಕಡಿಮೆಯಾದರೂ ಕಾಣುವ ರೋಗ ಒಂದೇ.

ಮೆಡಿಕಲ್ ಶಾಪಿನಿಂದ 50 ಎಂಎಲ್ ಸಿರಿಂಜ್, ಒಂದು ಡ್ರಿಪ್ ಟ್ಯೂಬ್ ತಂದೆ. ಕಡ್ಡಿಯ ತೂತಿನಲ್ಲಿ ಟ್ಯೂಬ್ ಇಳಿಸಿ ಹದಿಮೂರು ಸಿರಿಂಜ್ ಎಣ್ಣೆ ಎಳೆದೆ. ಅಂಗಡಿಯವನು "ಯಾರಿಗೆ ಹುಷಾರಿಲ್ಲ ಸಾರ್?" ಅಂತ ಕೇಳಿದ್ದ.

ಸರಿಯಾಗಿ ನೋಡುವ ಕ್ರಮ ಹೀಗೆ. ಗಾಡಿಯನ್ನು ಹದಿನೈದು ಇಪ್ಪತ್ತು ನಿಮಿಷ ಓಡಿಸಿ ಸಮತಟ್ಟು ಜಾಗದಲ್ಲಿ ನಿಲ್ಲಿಸಬೇಕು. ಬ್ರೇಕ್ ಒತ್ತಿ ಹಿಡಿದು ಲಿವರನ್ನು ಪಿ (ಪಾರ್ಕ್), ಆರ್ (ರಿವರ್ಸ್), ಎನ್ (ನ್ಯೂಟ್ರಲ್), ಡಿ ಹೀಗೆ ಒಂದೊಂದರಲ್ಲಿ ಎರಡು ಮೂರು ಸೆಕೆಂಡ್ ನಿಲ್ಲಿಸಿ ವಾಪಸ್ ಪಿಗೆ ತರಬೇಕು. ಎಂಜಿನ್ ಓಡುತ್ತಿರುವಾಗಲೇ ಕಡ್ಡಿ ಎಳೆದು, ಒರೆಸಿ, ಮತ್ತೆ ಪೂರ್ತಿ ಇಳಿಸಿ ಎಳೆದು ಓದಬೇಕು. ಕೆಲವು ಗಾಡಿಗಳಲ್ಲಿ ಪಿ ಬದಲು ಎನ್‌ನಲ್ಲಿ ನೋಡಬೇಕು, ಮ್ಯಾನುಯಲ್‌ನಲ್ಲಿ ಬರೆದಿರುತ್ತದೆ. ಒರೆಸಲು ಬೈರಾಸು ಬೇಡ. ಅದರ ನೂಲು ಒಳಗೆ ಹೋದರೆ ವಾಲ್ವಿನ ಸಣ್ಣ ದಾರಿಯಲ್ಲಿ ಸಿಕ್ಕಿಕೊಳ್ಳಬಹುದು. ಈಗಿನ ಎಷ್ಟೋ ಕಾರುಗಳಲ್ಲಿ ಕಡ್ಡಿಯೇ ಇಲ್ಲ, ಎಣ್ಣೆಗೆ ಇಷ್ಟೇ ಬಿಸಿ ಇರುವಾಗ ಕೆಳಗಿನ ಪ್ಲಗ್ ತೆಗೆದು ನೋಡಬೇಕು. ಅದು ಲಿಫ್ಟ್ ಇರುವ ಕಡೆ ಮಾಡುವ ಕೆಲಸ.

ಹಾಗೆ ನೋಡಿದಾಗ ಗೊತ್ತಾಯಿತು, ಮೊದಲು ಇದ್ದದ್ದು ನಿಜಕ್ಕೂ ಕಡಿಮೆ, ಆದರೆ ಅರ್ಧ ಲೀಟರ್‌ಗಿಂತ ಕೆಳಗೆ. ಸೋರುತ್ತಿದ್ದದ್ದು ಎಣ್ಣೆ ತಣಿಸುವ ಕೂಲರ್‌ಗೆ ಹೋಗುವ ರಬ್ಬರ್ ಪೈಪಿನ ಕ್ಲಿಪ್ಪಿನಲ್ಲಿ. ಕ್ಲಿಪ್ ಬದಲಿಸಿದೆ.

ಮಟ್ಟದಷ್ಟೇ ಮುಖ್ಯ ಬಣ್ಣ ಮತ್ತು ವಾಸನೆ. ಬಿಳಿ ಟಿಶ್ಯೂ ಪೇಪರಿನ ಮೇಲೆ ಒಂದು ಹನಿ ಬಿಟ್ಟು ನೋಡಿ. ಹೊಸ ಎಣ್ಣೆ ಹೆಚ್ಚಾಗಿ ಪುನರ್ಪುಳಿ ಶರಬತ್ತಿನ ಕೆಂಪು ಬಣ್ಣ. ನನ್ನದು ಬೆಲ್ಲದ ಕಾಫಿಯ ಬಣ್ಣಕ್ಕೆ ಬಂದಿತ್ತು. ಹಳತಾಗಿದೆ, ಆದರೆ ಸುಟ್ಟ ವಾಸನೆ ಇರಲಿಲ್ಲ. ಕಪ್ಪಾಗಿ, ಸುಟ್ಟ ವಾಸನೆ ಹೊಡೆದು, ಹನಿಯಲ್ಲಿ ಕಪ್ಪು ಪುಡಿ ಕಂಡಿದ್ದರೆ ಕ್ಲಚ್ ಪ್ಲೇಟು ಸುಟ್ಟಿದೆ ಅಂತ ಒಪ್ಪಿಕೊಂಡು ಆ 1 ಲಕ್ಷ 30 ಸಾವಿರದ ಮಾತು ಆಡಬೇಕಿತ್ತು. ರೋಸ್‌ಮಿಲ್ಕ್ ಥರ ಇದ್ದರೆ ಇನ್ನೂ ಕೆಟ್ಟದ್ದು. ರೇಡಿಯೇಟರ್ ಒಳಗಿನ ಕೂಲರ್ ಒಡೆದು ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಸೇರಿದೆ ಎಂದರ್ಥ, ಅಂಥ ಗಾಡಿಯನ್ನು ಒಂದು ಮಾರೂ ಓಡಿಸಬಾರದು.

ಎಣ್ಣೆ ಮಟ್ಟ ಸರಿಯಾದ ಮೇಲೆ ಬೆಳಗಿನ ತಡ ಕಡಿಮೆಯಾಯಿತು. ಆದರೆ 'ಡಿ' ದೀಪ ಮತ್ತೆ ಮಿಣುಕಿತು, ಅದೂ ನಮ್ಮ ಮನೆಯ ಏರಿನಲ್ಲೇ.

ದೀಪ ಮಿಣುಕುವುದು ಅಂದರೆ ಗೇರ್ ಬಾಕ್ಸಿನ ಕಂಪ್ಯೂಟರ್ ಏನೋ ಬರೆದಿಟ್ಟುಕೊಂಡಿದೆ ಅಂತ. ಅದಕ್ಕೆ ತನ್ನ ಸೆನ್ಸರ್, ಸೊಲೆನಾಯ್ಡುಗಳ (ಎಣ್ಣೆಯ ದಾರಿ ತೆರೆದು ಮುಚ್ಚುವ ಪುಟ್ಟ ಕರೆಂಟ್ ವಾಲ್ವುಗಳ) ಮೇಲೆ ನಂಬಿಕೆ ಹೋದರೆ ಎಲ್ಲಕ್ಕೂ ಕರೆಂಟ್ ಕಡಿದು ಒಂದೇ ಗೇರಿನಲ್ಲಿ ನಿಲ್ಲುತ್ತದೆ. ನನ್ನ ಗಾಡಿಯಲ್ಲಿ ಅದು ಮೂರನೆಯದು. ಹೇಗಾದರೂ ಮನೆ ಮುಟ್ಟಲಿ ಅಂತ ಇರುವ ಏರ್ಪಾಡು. ಕೀ ತಿರುಗಿಸಿ ಆಫ್ ಮಾಡಿ ಆನ್ ಮಾಡಿದರೆ ಅದು ಮತ್ತೆ ಹೊಸದಾಗಿ ನಂಬಿ ಹೊರಡುತ್ತದೆ. ಘಾಟಿಯಲ್ಲಿ ನನಗೆ ಆಗಿದ್ದೂ ಇದೇ. ಆಫ್ ಮಾಡಿ ಆನ್ ಮಾಡಿದ ಕೂಡಲೇ ಸರಿಹೋಗುವ ರೋಗ ಪ್ಲೇಟಿನದ್ದಾಗಿರುವುದು ಕಡಿಮೆ ಅಲ್ವಾ? ಸವೆದ ಪ್ಲೇಟು ಕೀ ತಿರುಗಿಸಿದರೆ ಬೆಳೆಯುವುದಿಲ್ಲ.

ಆನ್‌ಲೈನಿನಲ್ಲಿ 900 ರೂಪಾಯಿಯ ಬ್ಲೂಟೂತ್ ಸ್ಕ್ಯಾನರ್ ತರಿಸಿದೆ. ಸ್ಟೇರಿಂಗಿನ ಕೆಳಗೆ ಚುಚ್ಚಿ ಮೊಬೈಲಿನಲ್ಲಿ ನೋಡಿದರೆ ಪಿ 0700 ಅನ್ನುವ ದೋಷದ ಕೋಡ್ ಒಂದೇ ಬಂತು. ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಪಿ 0700 ಅಂದರೆ ರೋಗದ ಹೆಸರಲ್ಲ. 'ಗೇರ್ ಬಾಕ್ಸಿನ ಕಂಪ್ಯೂಟರಿಗೆ ಏನೋ ಹೇಳಲಿಕ್ಕಿದೆ, ಹೋಗಿ ಕೇಳಿ' ಅಂತ ಎಂಜಿನ್ ಕಂಪ್ಯೂಟರ್ ಹೇಳುವುದು ಅಷ್ಟೆ. ಅಗ್ಗದ ಆಪ್‌ಗಳು ಎಂಜಿನ್ ಭಾಗ ಮಾತ್ರ ಓದಿ ನಿಲ್ಲುತ್ತವೆ. ಗೇರ್ ಬಾಕ್ಸ್ ಭಾಗ ಓದುವ ಸ್ಕ್ಯಾನರ್ ಒಬ್ಬ ಎಲೆಕ್ಟ್ರಿಷಿಯನ್ ಹತ್ತಿರ ಇತ್ತು. ಅದರಲ್ಲಿ ಪಿ 0758 ಸಿಕ್ಕಿತು. ಶಿಫ್ಟ್ ಸೊಲೆನಾಯ್ಡ್ 'ಬಿ', ಕರೆಂಟಿನ ದೋಷ. ಕೋಡ್ ಸೊಲೆನಾಯ್ಡಿನ ಹೆಸರು ಹೇಳಿದ ಮಾತ್ರಕ್ಕೆ ಸೊಲೆನಾಯ್ಡೇ ಹಾಳು ಅಂತಲ್ಲ. ಕಂಪ್ಯೂಟರಿನಿಂದ ಅದರವರೆಗೆ ಹೋಗುವ ವೈರು, ಪಿನ್ನು ಎಲ್ಲವೂ ಆ ಹೆಸರಿನಲ್ಲೇ ಬರುತ್ತದೆ.

ಭಾನುವಾರ ಮೀಟರ್ ಹಿಡಿದು ಕೂತೆ. ಬ್ಯಾಟರಿಯ ನೆಗೆಟಿವ್ ತೆಗೆದೆ. ನನ್ನ ಗಾಡಿಯಲ್ಲಿ ಸೊಲೆನಾಯ್ಡ್ ನಾಲ್ಕು ಇವೆ. ಸರ್ವಿಸ್ ಪುಸ್ತಕದ ಪ್ರಕಾರ ಒಂದೊಂದರ ರೆಸಿಸ್ಟೆನ್ಸ್ 2.7ರಿಂದ 3.4 ಓಮ್ ಇರಬೇಕು. ಇಷ್ಟು ಸಣ್ಣ ಅಳತೆಗೆ ಮೀಟರಿನ ವೈರಿನದೇ ರೆಸಿಸ್ಟೆನ್ಸ್ ಸೇರುತ್ತದೆ. ಮೊದಲು ಎರಡು ಪ್ರೋಬ್ ಮುಟ್ಟಿಸಿ ನೋಡಿದೆ, 0.3 ಬಂತು. ಆಮೇಲೆ ಬಂದದ್ದರಲ್ಲೆಲ್ಲ ಅದನ್ನು ಕಳೆಯುತ್ತಾ ಹೋದೆ.

ಕಂಪ್ಯೂಟರ್ ಕಡೆಯ ಪ್ಲಗ್ಗಿನಲ್ಲಿ ಅಳೆದಾಗ ಮೂರು ಸೊಲೆನಾಯ್ಡ್ 3.1 ಆಸುಪಾಸು. ನಾಲ್ಕನೆಯದು 7 ತೋರಿಸಿ 12ಕ್ಕೆ ಹಾರಿ ಮತ್ತೆ 8ಕ್ಕೆ ಬಂತು. ಮಗನಿಗೆ ಬಾನೆಟ್ ಒಳಗೆ ವೈರಿನ ಕಟ್ಟನ್ನು ಮೆಲ್ಲಗೆ ಅಲುಗಾಡಿಸು ಅಂದೆ. ಒಂದು ಜಾಗದಲ್ಲಿ ಅವನು ಮುಟ್ಟಿದ್ದೇ ತಡ, ಮೀಟರ್ 20 ದಾಟಿತು. "ಅಪ್ಪಾ, ಇಲ್ಲೇ" ಅಂತ ಅವನು ಕೂಗಿದ್ದು ಪಕ್ಕದ ಮನೆಗೂ ಕೇಳಿಸಿರಬೇಕು.

ಏರ್ ಫಿಲ್ಟರ್ ಡಬ್ಬಿ, ಬ್ಯಾಟರಿ, ಅದರ ತಟ್ಟೆ ತೆಗೆದ ಮೇಲೆ ಗೇರ್ ಬಾಕ್ಸಿನ ನೆತ್ತಿಯ ಮೇಲೆ ಕೂತಿದ್ದ ಕನೆಕ್ಟರ್ ಕಂಡಿತು. ಲಾಕ್ ಒತ್ತಿ ಎಳೆದೆ. ಒಳಗಿನಿಂದ ಎರಡು ಹನಿ ನೀರು ಉದುರಿತು. ಒಂದು ಪಿನ್ನಿಗೆ ಹಸಿರು ಕಿಲುಬು, ದೇವರ ಕೋಣೆಯ ತಾಮ್ರದ ಚೊಂಬಿಗೆ ಹಿಡಿಯುತ್ತದಲ್ಲ, ಅಂಥದ್ದೇ. ಸುತ್ತ ಇರಬೇಕಾದ ರಬ್ಬರ್ ಸೀಲ್ ಒಂದು ಕಡೆ ಹರಿದಿತ್ತು. ಗೇರ್ ಬಾಕ್ಸ್ ಕಡೆಯ ಪಿನ್ನುಗಳಲ್ಲಿ ನೇರವಾಗಿ ಅಳೆದೆ. ನಾಲ್ಕೂ 3.0ರಿಂದ 3.2. ಸೊಲೆನಾಯ್ಡ್ ಚೆನ್ನಾಗಿಯೇ ಇತ್ತು.

ನೀರು ಅಲ್ಲಿಗೆ ಹೋದದ್ದು ಹೇಗೆ ಅಂತ ಯೋಚಿಸಿದಾಗ ನನ್ನ ಮೇಲೇ ಸಿಟ್ಟು ಬಂತು. ವಾಟರ್ ಸರ್ವಿಸ್‌ಗೆ ಹೋದಾಗಲೆಲ್ಲ "ಎಂಜಿನ್ನಿಗೂ ಒಂದು ಹೊಡೆದುಬಿಡಿ" ಅಂತ ಹೇಳುತ್ತಿದ್ದವನು ನಾನೇ.

ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಮತ್ತೆ ಹೊಡೆದು, ಬಿಸಿಲಲ್ಲಿ ಒಣಗಿಸಿದೆ. ಸ್ಯಾಂಡ್ ಪೇಪರ್ ಹಾಕಲಿಲ್ಲ. ಪಿನ್ನಿನ ಮೇಲಿನ ಲೇಪ ಹೋದರೆ ಕಿಲುಬು ಇನ್ನೂ ಬೇಗ ಬರುತ್ತದೆ. ಹೆಣ್ಣು ಪಿನ್ ಸ್ವಲ್ಪ ಅಗಲವಾಗಿತ್ತು, ಹೊಲಿಗೆ ಸೂಜಿಯಿಂದ ಕೂದಲೆಳೆಯಷ್ಟು ಒತ್ತಿ ಬಿಗಿ ಮಾಡಿದೆ. ಸೀಲ್ ಬಿಡಿಯಾಗಿ ಎಲ್ಲೂ ಸಿಗಲಿಲ್ಲ. ಮಂಗಳೂರಿನ ಒಂದು ಗುಜರಿಯಲ್ಲಿ ಅದೇ ಮಾದರಿಯ ಕನೆಕ್ಟರ್ 200 ರೂಪಾಯಿಗೆ ಸಿಕ್ಕಿತು, ಅದರ ರಬ್ಬರ್ ತೆಗೆದು ಇದಕ್ಕೆ ಹಾಕಿದೆ. ಜೋಡಿಸಿ ಮತ್ತೆ ಕಂಪ್ಯೂಟರ್ ಕಡೆಯಿಂದ ಅಳೆದರೆ ನಾಲ್ಕೂ ಒಂದೇ ಸಮ.

ಆಮೇಲೆ ಎಣ್ಣೆ ಬದಲಿಸಿದೆ. ಕೆಳಗಿನ ಪ್ಲಗ್ ಬಿಚ್ಚಿದರೆ ಸುಮಾರು ಅರ್ಧ ಮಾತ್ರ ಬರುತ್ತದೆ, ಉಳಿದದ್ದು ಟಾರ್ಕ್ ಕನ್ವರ್ಟರ್ ಮತ್ತು ಕೂಲರ್ ಒಳಗೇ ಇರುತ್ತದೆ. ಒಟ್ಟು 8 ಲೀಟರ್‌ನಲ್ಲಿ 4 ಬಂತು. ವಾರಕ್ಕೊಂದರಂತೆ ಮೂರು ಸಲ ಬದಲಿಸಿದೆ. ಲೆಕ್ಕ ಹಾಕಿದರೆ ಹೊಸ ಎಣ್ಣೆಯ ಪಾಲು ಮೊದಲ ಸಲಕ್ಕೆ ಅರ್ಧ, ಎರಡನೆಯದಕ್ಕೆ ಮುಕ್ಕಾಲು, ಮೂರನೆಯದಕ್ಕೆ ನೂರಕ್ಕೆ 87. ಮ್ಯಾನುಯಲ್‌ನಲ್ಲಿ ಹೇಳಿದ ಗ್ರೇಡನ್ನೇ ಹಾಕಿದೆ. 'ಎಲ್ಲಾ ಗಾಡಿಗೂ ಆಗುತ್ತೆ' ಅನ್ನುವ ಡಬ್ಬಿಯನ್ನು ಅಂಗಡಿಯವರು ಎಷ್ಟೇ ಹೊಗಳಿದರೂ ನನಗೆ ಬೇಡ. ಪ್ಲೇಟು ಎಷ್ಟು ಹಿಡಿಯಬೇಕು, ಎಷ್ಟು ಜಾರಬೇಕು ಅನ್ನುವುದು ಎಣ್ಣೆಯ ಮೇಲೇ ನಿಂತಿದೆ. ಪ್ಲಗ್ಗಿನ ಆಯಸ್ಕಾಂತದ ಮೇಲೆ ಬೂದು ಬಣ್ಣದ ನುಣುಪು ಕೆಸರಿತ್ತು, ಅದು ಸಹಜ. ಲೋಹದ ಚೂರು ಸಿಕ್ಕಿದ್ದರೆ ಬೇರೆ ಮಾತು.

ಈ ಕೆಲಸಕ್ಕೆ ಪರಿಚಯದವರ ಸರ್ವಿಸ್ ಸ್ಟೇಷನ್ನಿನ ರ‍್ಯಾಂಪ್ ಬಳಸಿದೆ. ಜಾಕ್ ಹಾಕಿ ಮುರಕಲ್ಲು ಇಟ್ಟು ಕೆಳಗೆ ನುಗ್ಗಿದರಾಯಿತು ಅಂತ ಪಕ್ಕದ ಮನೆಯವರ ಸಲಹೆ ಇತ್ತು. ಮುರಕಲ್ಲು ಮನೆ ಕಟ್ಟಲು ಸರಿ, ಕಾರಿನ ಕೆಳಗೆ ಪುಡಿಯಾದರೆ ನಮ್ಮ ಗತಿ ಏನು?

ಬ್ಯಾಟರಿ ತೆಗೆದದ್ದರಿಂದ ಇನ್ನೊಂದು ತಮಾಷೆ ಆಯಿತು. ಗೇರ್ ಬಾಕ್ಸಿನ ಕಂಪ್ಯೂಟರ್ ಇಷ್ಟು ವರ್ಷ ಗೇರು ಬದಲಿಸುವ ಹದ ಕಲಿತದ್ದೆಲ್ಲ ಮರೆತುಬಿಟ್ಟಿತು. ಮೊದಲ ಎರಡು ದಿನ ಶಿಫ್ಟ್ ಮೊದಲಿಗಿಂತ ಒರಟು. ಅಯ್ಯೋ, ಗ್ಯಾರೇಜಿನವರು ಹೇಳಿದ್ದೇ ನಿಜವಾಯಿತಾ ಅಂತ ಹೆದರಿದೆ. ಹಗುರ ಕಾಲಿನಲ್ಲಿ, ನಾಲ್ಕೂ ಗೇರು ಬೀಳುವ ಹಾಗೆ ಉಪ್ಪಿನಂಗಡಿಗೆ ಮೂರ್ನಾಲ್ಕು ಸಲ ಹೋಗಿ ಬಂದ ಮೇಲೆ ಮೆತ್ತಗಾಯಿತು. ಎರಡರಿಂದ ಮೂರಕ್ಕೆ ಮುಳ್ಳು ಹಾರುವುದು ನಿಂತಿತು.

ಒಟ್ಟು ಖರ್ಚು 10 ಸಾವಿರದ ಒಳಗೆ, ಅದರಲ್ಲಿ ಹೆಚ್ಚಿನದು ಎಣ್ಣೆಗೆ. ಇದೆಲ್ಲ ಟಾರ್ಕ್ ಕನ್ವರ್ಟರ್ ಗಾಡಿಯ ಕಥೆ. ಎಎಂಟಿ, ಸಿವಿಟಿ ಅಂತ ಬೇರೆ ಬಗೆಯ ಆಟೋಮ್ಯಾಟಿಕ್ ಇವೆ. ಎಎಂಟಿಯಲ್ಲಿ ಇರುವುದು ಮಾಮೂಲಿ ಕ್ಲಚ್ಚೇ, ಅದನ್ನು ಒತ್ತುವ ಕಾಲು ಮಾತ್ರ ಯಂತ್ರದ್ದು. ಸಿವಿಟಿಯಲ್ಲಿ ಬೆಲ್ಟ್ ಇದೆ, ಅದರ ಎಣ್ಣೆಯೂ ಬೇರೆ. ಅವುಗಳನ್ನು ನಾನು ಬಿಚ್ಚಿ ನೋಡಿಲ್ಲ.

ಆಮೇಲೆ ಮೂರು ಸಲ ಶಿರಾಡಿ ಹತ್ತಿದ್ದೇನೆ, 'ಡಿ' ದೀಪ ತೆಪ್ಪಗಿದೆ. ಬೆಳಿಗ್ಗೆ ಆರ್‌ಗೆ ಹಾಕಿದಾಗ ಈಗಲೂ ಸಣ್ಣದೊಂದು 'ಧಡ್' ಇದೆ. ಬಾನೆಟ್ ತೆರೆದಿಟ್ಟು ಮಗನಿಗೆ ಬ್ರೇಕ್ ಒತ್ತಿ ಹಿಡಿದು ಡಿಗೂ ಆರ್‌ಗೂ ಹಾಕಲು ಹೇಳಿ ಬದಿಯಲ್ಲಿ ನಿಂತು ನೋಡಿದೆ. ಎಂಜಿನ್ ಜಾಸ್ತಿಯೇ ಕುಣಿಯುತ್ತದೆ. ಗೇರ್ ಬಾಕ್ಸ್ ಬದಿಯ ಮೌಂಟಿಂಗ್ ರಬ್ಬರ್ ಸೀಳಿದೆ. ಹೊಸದು ತಂದಿಟ್ಟಿದ್ದೇನೆ, ಬರುವ ಭಾನುವಾರ ಮಳೆ ಬಿಟ್ಟರೆ ಹಾಕಬೇಕು.